ಅಪ್ಪ–ಅಮ್ಮನ ದೊಡ್ಡ ಚಿಕಿತ್ಸೆಗೆ ಹೊರದೇಶ: ಸಿಂಗಪುರವೋ, ಅಮೆರಿಕವೋ, ಬ್ರಿಟನ್ನೋ, ಜರ್ಮನಿಯೋ?

ದೊಡ್ಡ ಕಾಯಿಲೆ ಎಂದು ಗೊತ್ತಾದ ವಾರವೇ ಮನೆಯ ವಾಟ್ಸ್ಯಾಪ್ ಗುಂಪಿನಲ್ಲಿ ಆಸ್ಪತ್ರೆಗಳ ಹೆಸರು ಬರತೊಡಗುತ್ತವೆ: ಹ್ಯೂಸ್ಟನ್ನಿನ ಎಂ.ಡಿ. ಆ್ಯಂಡರ್ಸನ್, ರಾಚೆಸ್ಟರ್‌ನ ಮೇಯೊ, ಸಿಂಗಪುರದ ಮೌಂಟ್ ಎಲಿಜಬೆತ್, ಲಂಡನ್ನಿನ ರಾಯಲ್ ಮಾರ್ಸ್‌ಡನ್. ಹೆಸರು ನೋಡಿ ದೇಶ ಆರಿಸಿದವರು ಆಮೇಲೆ ಲೆಕ್ಕ ತಪ್ಪಿ ಒದ್ದಾಡುತ್ತಾರೆ. ಆಪರೇಷನ್ ಒಂದು ದಿನದ್ದು. ಡಿಸ್ಚಾರ್ಜ್ ಆದ ಮೇಲೆ ಅದೇ ಊರಿನಲ್ಲಿ ಬಾಡಿಗೆ ಮನೆ ಹಿಡಿದು ಕಳೆಯಬೇಕಾದ ವಾರಗಳಿವೆಯಲ್ಲ, ದೇಶವನ್ನು ಆರಿಸಬೇಕಾದ್ದು ಅವನ್ನು ನೋಡಿ. ಆ ವಾರಗಳಲ್ಲಿ ಜೊತೆಗೆ ಯಾರಿರುತ್ತಾರೆ, ಅವರ ವೀಸಾ ಎಷ್ಟು ದಿನದ್ದು, ನಡುರಾತ್ರಿ ಜ್ವರ ಬಂದು ಮತ್ತೆ ಅಡ್ಮಿಟ್ ಆದರೆ ಆ ಬಿಲ್ ಯಾರ ತಲೆಗೆ?

ಹಾಗಾಗಿ ಮೊದಲು ಬೇಕಾದ್ದು ದಿನಗಳ ಲೆಕ್ಕ. ಬೇರೆಯವರ ಬೋನ್ ಮ್ಯಾರೋ ಕಸಿ ಮಾಡಿಸಿದರೆ ಸುಮಾರು 100 ದಿನ ಆಸ್ಪತ್ರೆಯ ಹತ್ತಿರವೇ ಇರಬೇಕು. ಲಿವರ್ ಕಸಿಗೆ ರೋಗಿ ಸುಮಾರು ಮೂರು ತಿಂಗಳು, ದಾನಿ ಒಂದು ತಿಂಗಳು. ಕ್ಯಾನ್ಸರ್ ಗಡ್ಡೆಗೆ ವಿಕಿರಣ ಕೊಡುವ ಪ್ರೋಟಾನ್ ಚಿಕಿತ್ಸೆಗೆ ವಾರಕ್ಕೆ ಐದು ದಿನದಂತೆ ಆರೇಳು ವಾರ ಹಿಡಿಯಬಹುದು. ಬೈಪಾಸ್ ಆದವರು 10 ದಿನದ ಮೊದಲು ವಿಮಾನ ಹತ್ತುವಂತಿಲ್ಲ; ವಯಸ್ಸಾದವರಿಗೆ ನಾಲ್ಕರಿಂದ ಆರು ವಾರ ಇಟ್ಟುಕೊಳ್ಳುವುದು ಕ್ಷೇಮ. ಈ ಸಂಖ್ಯೆಯನ್ನು ಚಿಕಿತ್ಸೆ ಕೊಡುವ ವೈದ್ಯರಿಂದಲೇ ಬರೆಸಿಕೊಂಡು, ಅದನ್ನು ಕೈಯಲ್ಲಿ ಹಿಡಿದು ಮುಂದಿನದನ್ನು ಓದಿ.

ಮೊದಲ ಹೋಲಿಕೆ ಊರಿನೊಂದಿಗೆ

ಹತ್ತು ವರ್ಷದ ಹಿಂದೆ ಹೊರದೇಶಕ್ಕೆ ಹೋಗಲು ಇದ್ದ ಕಾರಣಗಳಲ್ಲಿ ಅರ್ಧ ಈಗಿಲ್ಲ. ಪ್ರೋಟಾನ್ ಯಂತ್ರ ಚೆನ್ನೈನ ಅಪೋಲೊದಲ್ಲಿ 2019ರಿಂದ ಇದೆ. ನವಿ ಮುಂಬೈನಲ್ಲಿ ಟಾಟಾ ಮೆಮೋರಿಯಲ್‌ನ ಕ್ಯಾನ್ಸರ್ ಸಂಶೋಧನಾ ಕೇಂದ್ರ ಆ್ಯಕ್ಟ್ರೆಕ್‌ನಲ್ಲೂ ಇದೆ. ರಕ್ತದ ಕೆಲವು ಕ್ಯಾನ್ಸರ್‌ಗಳಿಗೆ ಕೊಡುವ ಕಾರ್–ಟಿ ಕೋಶ ಚಿಕಿತ್ಸೆಗೆ (ರೋಗಿಯದೇ ರೋಗನಿರೋಧಕ ಕೋಶಗಳನ್ನು ಮಾರ್ಪಡಿಸಿ ಮತ್ತೆ ಕೊಡುವುದು) 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಾಗ ಔಷಧವೊಂದಕ್ಕೇ 3,73,000ದಿಂದ 4,75,000 ಡಾಲರ್ ಬೆಲೆಯಿತ್ತು. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ಇದೇ ಬಗೆಯ ಚಿಕಿತ್ಸೆ ನೆಕ್ಸ್‌ಕಾರ್–19ಕ್ಕೆ 2023ರ ಅಕ್ಟೋಬರ್‌ನಲ್ಲಿ ಇಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಖರ್ಚು ಸುಮಾರು 50,000 ಡಾಲರ್ ಎಂದು ವರದಿಯಾಗಿತ್ತು. ಬೈಪಾಸ್, ವಾಲ್ವ್, ಲಿವರ್ ಕಸಿ, ಮಂಡಿ ಬದಲಾವಣೆಗಳಿಗೆ ಹೊರದೇಶದವರೇ ಬೆಂಗಳೂರಿಗೆ ಬರುತ್ತಾರೆ. ಇವಕ್ಕಾಗಿ ಅಪ್ಪನನ್ನು ಕರೆದುಕೊಂಡು ಸಮುದ್ರ ದಾಟುವ ಅಗತ್ಯ ತೀರಾ ಕಡಿಮೆ.

ನಿಜವಾಗಿ ಹೋಗಬೇಕಾಗುವ ಸಂದರ್ಭಗಳು ಮೂರು–ನಾಲ್ಕೇ. ಒಂದು, ಕಾರ್ಬನ್ ಅಯಾನು ವಿಕಿರಣ ಚಿಕಿತ್ಸೆಯಂಥದ್ದು: ಬೆನ್ನುಮೂಳೆ, ತಲೆಬುರುಡೆಯ ಬುಡದ ಕಾರ್ಡೋಮಾದಂಥ ಗಡ್ಡೆಗಳಿಗೆ ಬಳಕೆಯಾಗುವ ಇದು ಜಪಾನಿನ ಚಿಬಾದಲ್ಲಿ 1994ರಿಂದ, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 2009ರಿಂದ ನಡೆಯುತ್ತಿದೆ, ನಮ್ಮಲ್ಲಿಲ್ಲ. ಎರಡು, ಇಲ್ಲಿ ನಡೆಯದ ಕ್ಲಿನಿಕಲ್ ಟ್ರಯಲ್. ಇದರಲ್ಲೊಂದು ತಪ್ಪು ತಿಳಿವಳಿಕೆ ಇದೆ: ಟ್ರಯಲ್ ಎಂದರೆ ಎಲ್ಲ ಉಚಿತವಲ್ಲ. ಸಾಮಾನ್ಯವಾಗಿ ಪರೀಕ್ಷೆಯಲ್ಲಿರುವ ಔಷಧ ಉಚಿತ. ಸ್ಕ್ಯಾನ್, ಹಾಸಿಗೆ, ಮಾಮೂಲಿ ಕೀಮೊ ನಿಮ್ಮ ಜೇಬಿನಿಂದ ಇರಬಹುದು. ಮೂರು, ಅಪರೂಪದ ಆಪರೇಷನ್ ಅನ್ನು ನೂರಾರು ಸಲ ಮಾಡಿದ ಒಬ್ಬ ನಿರ್ದಿಷ್ಟ ಸರ್ಜನ್. ನಾಲ್ಕು, ನೋಡಿಕೊಳ್ಳುವ ಮಕ್ಕಳು ಅಲ್ಲೇ ಇರುವುದು. ಕೊನೆಯದನ್ನು ಹಲವರು ವೈದ್ಯಕೀಯ ಕಾರಣವೇ ಅಲ್ಲ ಎನ್ನುತ್ತಾರೆ. ಆದರೆ ಮೇಲಿನ 100 ದಿನಗಳ ಲೆಕ್ಕ ನೋಡಿದರೆ ಅದು ಎಲ್ಲಕ್ಕಿಂತ ಗಟ್ಟಿಯಾದ ಕಾರಣವೂ ಆಗಬಲ್ಲದು.

ಟಿಕೆಟ್ ತೆಗೆಯುವ ಮೊದಲು ಎರಡನೆಯ ಅಭಿಪ್ರಾಯವನ್ನು ಕಾಗದದಲ್ಲೇ ತರಿಸಿ. ಟಾಟಾ ಮೆಮೋರಿಯಲ್ ಮತ್ತು ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ನ ತಜ್ಞರ ಅಭಿಪ್ರಾಯ ನವ್ಯ ಎಂಬ ಸೇವೆಯ ಮೂಲಕ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅಮೆರಿಕದ ದೊಡ್ಡ ಆಸ್ಪತ್ರೆಗಳೂ ಶುಲ್ಕಕ್ಕೆ ಕೊಡುತ್ತವೆ. ಎಷ್ಟೋ ಸಲ ಬರುವ ಉತ್ತರ, ‘ನಿಮ್ಮೂರಿನ ವೈದ್ಯರು ಹೇಳಿದ್ದನ್ನೇ ಮಾಡಿಸಿ’ ಎಂಬುದು. ಆ ಒಂದು ಸಾಲಿಗೆ ಕೊಟ್ಟ ಶುಲ್ಕ ನಷ್ಟವಲ್ಲ.

ಫೈಲು

ರಿಪೋರ್ಟ್‌ಗಳ ಜೆರಾಕ್ಸ್ ಸಾಲದು. ಸ್ಕ್ಯಾನ್‌ಗಳು ಡೈಕಾಮ್ ರೂಪದಲ್ಲಿ (ಸ್ಕ್ಯಾನ್ ಯಂತ್ರದ ಮೂಲ ಡಿಜಿಟಲ್ ಫೈಲು), ಪೆನ್‌ಡ್ರೈವ್ ಅಥವಾ ಸಿ.ಡಿ.ಯಲ್ಲಿ ಬೇಕು, ಫಿಲ್ಮ್‌ನ ಫೋಟೊ ತೆಗೆದು ಕಳಿಸಿದರೆ ಯಾವ ರೇಡಿಯಾಲಜಿಸ್ಟೂ ಓದುವುದಿಲ್ಲ. ಕ್ಯಾನ್ಸರ್ ಆದರೆ ಬಯಾಪ್ಸಿಯ ಸ್ಲೈಡ್ ಜೊತೆ ಅದರ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಕೂಡ ಬೇಕು. ಕಿದ್ವಾಯಿ ಇರಲಿ, ಖಾಸಗಿ ಲ್ಯಾಬ್ ಇರಲಿ, ಬರೆದು ಕೇಳಿದರೆ ಕೊಡುತ್ತಾರೆ. ಬ್ಲಾಕ್ ಕೊಡಲು ಹಿಂಜರಿದರೆ ಬಣ್ಣ ಹಾಕದ 10–15 ಸ್ಲೈಡ್ ಕೇಳಿ. ಬ್ಲಾಕ್ ಅನ್ನು ಕೈಚೀಲದಲ್ಲೇ ಇಡಿ, ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಮೇಣ ಕರಗುತ್ತದೆ. ಜೊತೆಗೆ ‘ಸೋಂಕು ಹರಡದ ವೈದ್ಯಕೀಯ ಮಾದರಿ’ ಎಂದು ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ. ಪೆಟ್ ಸ್ಕ್ಯಾನ್ ತಿಂಗಳಿಗಿಂತ ಹಳೆಯದಾದರೆ ಅಲ್ಲಿ ಮತ್ತೆ ಮಾಡಿಸುತ್ತಾರೆಂದೇ ಎಣಿಸಿ, ಆ ಖರ್ಚನ್ನು ಎಸ್ಟಿಮೇಟ್‌ಗೆ ಸೇರಿಸಿಕೊಳ್ಳಿ.

ನಮ್ಮವರಿಗೇ ಬರುವ ತೊಂದರೆಯೊಂದಿದೆ: ಹೆಸರು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಬಿಟ್ಟಿದ್ದರೆ ಅಥವಾ ಇಡೀ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಬರೆದಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಬದಲು ‘ಎಫ್‌ಎನ್‌ಯು’ ಎಂದು ಬೀಳುತ್ತದೆ, ಮೊದಲ ಹೆಸರು ಗೊತ್ತಿಲ್ಲ ಎಂದರ್ಥ. ಆಸ್ಪತ್ರೆ ಅದೇ ಹೆಸರಿನಲ್ಲಿ ನೋಂದಾಯಿಸುತ್ತದೆ. ಬಯಾಪ್ಸಿ ಬ್ಲಾಕಿನ ಮೇಲೆ ಮಾತ್ರ ‘ಹೆಚ್.ಎಸ್. ಪುಟ್ಟಮ್ಮ’ ಎಂದಿರುತ್ತದೆ. ಮಾದರಿ ಯಾರದೆಂದು ಖಾತ್ರಿಯಾಗದೆ ಪೆಥಾಲಜಿ ಲ್ಯಾಬ್ ವಾಪಸ್ ಮಾಡಬಹುದು. ಇನಿಷಿಯಲ್ ಬಿಡಿಸಿ ಬರೆದ ಪಾಸ್‌ಪೋರ್ಟ್ ಹೆಸರಿನಲ್ಲೇ ಎಲ್ಲ ರಿಪೋರ್ಟ್ ಮಾಡಿಸಿ. ಹಳೆಯವಕ್ಕೆ ‘ಈ ಎರಡೂ ಹೆಸರು ಒಬ್ಬರದೇ’ ಎಂಬ ನೋಟರಿ ಅಫಿಡವಿಟ್ ಇರಲಿ.

ಸಿಂಗಪುರ

ಬೆಂಗಳೂರಿನಿಂದ ನೇರ ವಿಮಾನದಲ್ಲಿ ನಾಲ್ಕೂವರೆ ಗಂಟೆಯ ಆಸುಪಾಸು, ಗಡಿಯಾರದಲ್ಲಿ ಎರಡೂವರೆ ಗಂಟೆ ವ್ಯತ್ಯಾಸ. ಕುಳಿತು ಪ್ರಯಾಣ ಮಾಡುವುದೇ ಕಷ್ಟವಿರುವ ರೋಗಿಗೆ ಇದು ಸಣ್ಣ ವಿಷಯವಲ್ಲ. ಜೊತೆಗಿರುವವರು ಬದಲಾಗುತ್ತಾ ಹೋಗಲೂ ಸುಲಭ. ಹಿರಿಮಗಳು ಮೂರು ವಾರ, ಆಮೇಲೆ ತಮ್ಮ ಮೂರು ವಾರ ಎಂದು ಪಾಳಿ ಹಾಕಿಕೊಳ್ಳಬಹುದು. ಸೆರಂಗೂನ್ ರಸ್ತೆಯ ಲಿಟಲ್ ಇಂಡಿಯಾದಲ್ಲಿ ಊಟ, ಸಾಮಾನು ಎರಡೂ ಸಿಗುತ್ತವೆ, ಅಮ್ಮನಿಗೆ ತಮಿಳು ಬಂದರೆ ಮಾತಿಗೂ ಜನ ಸಿಗುತ್ತಾರೆ.

ವೀಸಾ ಬೇಕು, ಇಳಿದಾಗ ಕೊಡುವ ಅವಧಿ ಸಾಮಾನ್ಯವಾಗಿ 30 ದಿನದವರೆಗೆ. ಆರೇಳು ವಾರದ ಚಿಕಿತ್ಸೆಗೆ ಅದು ಸಾಲದು. ವಿಸ್ತರಣೆಗೆ ಆಸ್ಪತ್ರೆಯ ಪತ್ರದೊಂದಿಗೆ ಅಲ್ಲಿನ ವಲಸೆ ಇಲಾಖೆ ಐಸಿಎಗೆ ಆನ್‌ಲೈನ್ ಅರ್ಜಿ ಹಾಕಬೇಕು. ರೋಗಿಗೂ ಜೊತೆಗಿರುವವರಿಗೂ ಬೇರೆ ಬೇರೆ ಅರ್ಜಿ. ರೋಗಿಯದ್ದು ಹಾಕಿ ತಮ್ಮದನ್ನೇ ಮರೆಯುವವರಿದ್ದಾರೆ. ಖಾಸಗಿ ಆಸ್ಪತ್ರೆಗಳಲ್ಲದೆ ಸಿಂಗಪುರ ಜನರಲ್, ನ್ಯಾಷನಲ್ ಯೂನಿವರ್ಸಿಟಿ ಆಸ್ಪತ್ರೆಗಳೂ ಹೊರಗಿನವರನ್ನು ನೋಡುತ್ತವೆ, ಸಬ್ಸಿಡಿ ಇಲ್ಲದ ದರದಲ್ಲಿ. ಬಿಲ್‌ನ ಮೇಲೆ ಶೇ 9ರಷ್ಟು ಜಿಎಸ್‌ಟಿ ಇದೆ, ಎಸ್ಟಿಮೇಟ್‌ನಲ್ಲಿ ಸೇರಿದೆಯೇ ಕೇಳಿ. ಒಂದು ಅನುಕೂಲವೆಂದರೆ ಅಲ್ಲಿನ ಆರೋಗ್ಯ ಸಚಿವಾಲಯ 2018ರಿಂದ ಚಿಕಿತ್ಸೆವಾರು ಶುಲ್ಕದ ಮಾನದಂಡ ಪ್ರಕಟಿಸುತ್ತಿದೆ. ನಿಮ್ಮ ಎಸ್ಟಿಮೇಟನ್ನು ಅದರ ಪಕ್ಕದಲ್ಲಿಟ್ಟು ನೋಡಿ, ಹೆಚ್ಚೆನಿಸಿದರೆ ಕಾರಣ ಕೇಳಿ.

ಜೀವಂತ ದಾನಿಯ ಕಸಿಯಾದರೆ ಕಸಿಯ ನೈತಿಕತೆ ಪರಿಶೀಲಿಸುವ ಸಮಿತಿಯ ಮುಂದೆ ಸಂಬಂಧ ಸಾಬೀತುಪಡಿಸಬೇಕು. ನಾಡಕಚೇರಿಯ ವಂಶವೃಕ್ಷ, ಕನ್ನಡದಲ್ಲಷ್ಟೇ ಇರುವ ಜನನ ಪ್ರಮಾಣಪತ್ರ ಇವನ್ನು ಇಲ್ಲೇ ಇಂಗ್ಲಿಷಿಗೆ ಅನುವಾದ ಮಾಡಿಸಿ ನೋಟರಿ ಹಾಕಿಸಿಕೊಂಡು ಹೋಗಿ. ಔಷಧದ ವಿಷಯದಲ್ಲಿ ಆ ದೇಶ ಬಿಗಿ: ಮೂರು ತಿಂಗಳಿಗಿಂತ ಹೆಚ್ಚು ಒಯ್ಯುವಂತಿಲ್ಲ, ಮಾರ್ಫಿನ್, ಕೋಡೀನ್, ಕೆಲವು ನಿದ್ದೆ ಮಾತ್ರೆಗಳಿಗೆ ಮೊದಲೇ ಅನುಮತಿ ಬೇಕು. ಮಸಾಲೆ ಕಟ್ಟುವಾಗ ಗಸಗಸೆ ತೆಗೆದಿಡಿ. ಸಿಂಗಪುರದಲ್ಲೂ ಯುಎಇಯಲ್ಲೂ ಅದು ನಿಷಿದ್ಧ, ದುಬೈ ಮೇಲೆ ಹೋಗುವವರಿಗೂ ಈ ಮಾತು ಅನ್ವಯ.

ಅಮೆರಿಕ

ಇಲ್ಲಿ ಚಿಕಿತ್ಸೆಯ ಗುಣಮಟ್ಟದ ಬಗ್ಗೆ ಯಾರಿಗೂ ಸಂಶಯವಿಲ್ಲ. ಬಿಲ್‌ನ ಬಗ್ಗೆ ಯಾರಿಗೂ ಖಾತ್ರಿಯಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಅಂತರರಾಷ್ಟ್ರೀಯ ರೋಗಿಗಳ ವಿಭಾಗವಿರುತ್ತದೆ. ಅವರು ಫೈಲ್ ನೋಡಿ ಎಸ್ಟಿಮೇಟ್ ಕಳಿಸುತ್ತಾರೆ, ಹಣ ಜಮೆಯಾದ ಮೇಲೆಯೇ ಅಪಾಯಿಂಟ್‌ಮೆಂಟ್ ಗಟ್ಟಿ. ಆ ಎಸ್ಟಿಮೇಟ್ ಬಂದಾಗ ಕೇಳಬೇಕಾದ ಪ್ರಶ್ನೆಗಳಿವು: ಇದು ಆಸ್ಪತ್ರೆಯ ಶುಲ್ಕ ಮಾತ್ರವೇ, ಸರ್ಜನ್, ಅನಸ್ತೇಷಿಯಾ, ರೇಡಿಯಾಲಜಿ, ಪೆಥಾಲಜಿಯವರ ಶುಲ್ಕವೂ ಸೇರಿದೆಯೇ? ಅಲ್ಲಿ ಇವರೆಲ್ಲರ ಬಿಲ್ ಬೇರೆ ಬೇರೆ ಬರುವುದು ಮಾಮೂಲು, ಮನೆಗೆ ಬಂದು ಎರಡು ತಿಂಗಳಾದ ಮೇಲೂ ಬರುತ್ತದೆ. ಎಷ್ಟು ದಿನ ಐಸಿಯು ಎಂದು ಎಣಿಸಿದ್ದಾರೆ? ಸೋಂಕು, ರಕ್ತಸ್ರಾವ, ಎರಡನೆಯ ಆಪರೇಷನ್ ಆದರೆ? ಪೂರ್ತಿ ಮುಂಗಡ ಕೊಟ್ಟರೆ ರಿಯಾಯಿತಿ ಎಷ್ಟು? ಹೆಚ್ಚು ಉಳಿದರೆ ವಾಪಸ್ ಎಷ್ಟು ದಿನದಲ್ಲಿ?

ಮಗ ಅಲ್ಲಿ ಎಚ್–1ಬಿಯಲ್ಲಿದ್ದಾನೆ, ಅವನ ಇನ್ಶೂರೆನ್ಸ್ ಇದೆಯಲ್ಲ ಎಂಬ ಮಾತು ಬಹಳ ಮನೆಗಳಲ್ಲಿ ಕೇಳಿಬರುತ್ತದೆ. ಕಂಪನಿಯ ವಿಮೆ ಸಾಮಾನ್ಯವಾಗಿ ಹೆಂಡತಿ–ಮಕ್ಕಳಿಗೆ, ತಂದೆತಾಯಿಗಲ್ಲ. ವಿಸಿಟರ್ ಇನ್ಶೂರೆನ್ಸ್‌ನಲ್ಲಿ ಬರೆದಿರುವ ‘ಹಳೆಯ ಕಾಯಿಲೆ ದಿಢೀರ್ ಉಲ್ಬಣಿಸಿದರೆ’ ಎಂಬುದು ನಿಜಕ್ಕೂ ದಿಢೀರ್ ಆದದ್ದಕ್ಕಷ್ಟೆ. ತಾರೀಖು ಗೊತ್ತುಮಾಡಿಕೊಂಡು ಹೋದ ಚಿಕಿತ್ಸೆಗೆ ಒಂದು ಪೈಸೆಯೂ ಬರುವುದಿಲ್ಲ. ಎಮರ್ಜೆನ್ಸಿಗೆ ಬಂದವರನ್ನು ಹಣ ನೋಡದೆ ಸ್ಥಿರ ಸ್ಥಿತಿಗೆ ತರಬೇಕೆಂದು 1986ರ ಕಾನೂನಿದೆ, ನಿಜ. ಆದರೆ ಬಿಲ್ ಬಾರದಿರುವುದಿಲ್ಲ. ಮಕ್ಕಳು ಅಮೆರಿಕದ ಪ್ರಜೆಗಳಾಗಿದ್ದು ತಂದೆತಾಯಿಗೆ ಗ್ರೀನ್ ಕಾರ್ಡ್ ಆಗಿದ್ದರೆ ಕಥೆ ಬೇರೆ: ಅಲ್ಲಿನ ಸರ್ಕಾರಿ ವಿಮಾ ತಾಣ ‘ಮಾರ್ಕೆಟ್‌ಪ್ಲೇಸ್’ ಮೂಲಕ ಕೊಳ್ಳುವ ವಿಮೆ ಹಳೆಯ ಕಾಯಿಲೆಯನ್ನು ಹೊರಗಿಡುವಂತಿಲ್ಲ. ಆದರೆ ಗ್ರೀನ್ ಕಾರ್ಡ್ ತುರ್ತಿಗೆ ಸಿಗುವ ವಸ್ತುವಲ್ಲ.

ವೀಸಾ ಬಿ–2, ಅಂದರೆ ವಿಸಿಟರ್ ವೀಸಾ. ಮೂರು ಕಾಗದ ಮುಖ್ಯ: ಕಾಯಿಲೆ ಏನು, ಅಮೆರಿಕದಲ್ಲೇ ಏಕೆ ಎಂದು ಇಲ್ಲಿನ ವೈದ್ಯರ ಪತ್ರ, ಚಿಕಿತ್ಸೆ ಕೊಡಲು ಒಪ್ಪಿ, ಅವಧಿ ಮತ್ತು ಪೂರ್ತಿ ಖರ್ಚು ನಮೂದಿಸಿದ ಅಲ್ಲಿನ ಪತ್ರ, ಆ ಖರ್ಚು ಯಾರು ಭರಿಸುತ್ತಾರೆಂಬ ಬ್ಯಾಂಕ್ ದಾಖಲೆ. ಎರಡನೆಯ ಪತ್ರದಲ್ಲಿರುವ ಮೊತ್ತಕ್ಕೂ ಮೂರನೆಯದಕ್ಕೂ ತಾಳೆಯಾಗದಿದ್ದರೆ ಅರ್ಜಿ ಅಲ್ಲೇ ಕುಸಿಯುತ್ತದೆ. ಎಂಬತ್ತು ದಾಟಿದವರಿಗೆ ಇದ್ದ ಸಂದರ್ಶನ ವಿನಾಯಿತಿ 2025ರ ಸೆಪ್ಟೆಂಬರ್‌ನಿಂದ ಇಲ್ಲ, ಅಜ್ಜಿಯೂ ಕಿಟಕಿಯ ಮುಂದೆ ನಿಲ್ಲಬೇಕು. ದಿನಾಂಕ ದೂರವಿದ್ದರೆ ಮೊದಲು ಮಾಮೂಲಿ ದಿನಾಂಕ ಹಿಡಿದು, ಆಮೇಲೆ ವೈದ್ಯಕೀಯ ಕಾರಣಕ್ಕೆ ತುರ್ತು ಅಪಾಯಿಂಟ್‌ಮೆಂಟ್ ಕೇಳಬಹುದು.

ವೀಸಾ ಹತ್ತು ವರ್ಷದ್ದೆಂದು ನಿಶ್ಚಿಂತರಾಗಬೇಡಿ. ಎಷ್ಟು ದಿನ ಇರಬಹುದೆಂದು ಹೇಳುವುದು ಇಳಿದಾಗ ಸಿಗುವ ಐ–94 ಎಂಬ ಪ್ರವೇಶ ದಾಖಲೆ. ಸಾಮಾನ್ಯವಾಗಿ 6 ತಿಂಗಳು. ಸಾಲದಿದ್ದರೆ ವಾಸದ ಅವಧಿ ವಿಸ್ತರಿಸುವ ಐ–539 ಅರ್ಜಿಯನ್ನು ಅವಧಿ ಮುಗಿಯುವ 45 ದಿನ ಮೊದಲೇ ಹಾಕಿ. 100 ದಿನದ ಕಸಿಗೂ ಆರು ತಿಂಗಳು ಸಾಕು ಎನ್ನುವುದು ಅಮೆರಿಕದ ಪರವಾಗಿರುವ ಒಂದು ನಿಜವಾದ ಅಂಶ.

ಇನ್ನೊಂದು ಅನುಕೂಲ ಭಾಷೆಯದು. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು. ಫೋನ್ ಅಥವಾ ವಿಡಿಯೊದಲ್ಲಿ ಕನ್ನಡದವರೂ ಸಿಗುತ್ತಾರೆ. ನೋಂದಣಿಯಲ್ಲೇ ‘ಕನ್ನಡ’ ಎಂದು ಬರೆಸಿ, ಇಲ್ಲದಿದ್ದರೆ ಭಾರತದವರೆಂದು ಹಿಂದಿಯವರನ್ನು ಕೂರಿಸುತ್ತಾರೆ. ಮಗಳೇ ಅನುವಾದ ಮಾಡಿದರೆ ಕೆಟ್ಟ ಸುದ್ದಿ ಅರ್ಧ ಮಾತ್ರ ತಲುಪುತ್ತದೆ, ಅದು ಎಲ್ಲ ಮನೆಗಳಲ್ಲೂ ಆಗುವುದೇ. ಹಾಗೆಯೇ ರೋಗಿಗೆ ಪ್ರಜ್ಞೆ ತಪ್ಪಿದರೆ ಯಾರು ನಿರ್ಧರಿಸಬೇಕೆಂದು ಮೊದಲ ದಿನವೇ ಸಹಿ ಕೇಳುತ್ತಾರೆ. ಆ ಒಬ್ಬರು ಯಾರೆಂದು ಬೆಂಗಳೂರಿನಲ್ಲೇ ಕುಳಿತು ತೀರ್ಮಾನಿಸಿ. ಆಸ್ಪತ್ರೆಯ ಕಾರಿಡಾರಿನಲ್ಲಿ ಅಣ್ಣ–ತಂಗಿ ವಾದ ಮಾಡುವುದು ಬೇಡ.

ಬ್ರಿಟನ್

ವೀಸಾ ನಿಯಮ ಅತಿ ಸ್ಪಷ್ಟವಾಗಿರುವುದು ಇಲ್ಲಿ. ಖಾಸಗಿ ಚಿಕಿತ್ಸೆಗೆ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ 6 ತಿಂಗಳು. ಹೆಚ್ಚು ಬೇಕಾದರೆ ಮೊದಲೇ 11 ತಿಂಗಳದ್ದು ಕೇಳಬಹುದು. ಆರು ತಿಂಗಳು ಮೀರಿದ್ದಕ್ಕೆ ಭಾರತದವರು ಕ್ಷಯ ಇಲ್ಲವೆಂಬ ಪ್ರಮಾಣಪತ್ರ ಕೊಡಬೇಕು. ಜೊತೆಗೆ ಹೋಗುವವರದು 6 ತಿಂಗಳೇ ಎಂಬುದನ್ನು ಮರೆಯದಿರಿ. ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಉಚಿತ ಎಂಬುದು ಅಲ್ಲಿ ನೆಲೆಸಿದವರಿಗೆ. ವಿಸಿಟರ್‌ಗೆ ಎಮರ್ಜೆನ್ಸಿ ವಿಭಾಗದಲ್ಲಿ ನೋಡುವುದು ಉಚಿತ. ಅಲ್ಲಿಂದ ವಾರ್ಡಿಗೆ ಸೇರಿಸಿದ ಕ್ಷಣದಿಂದ ಇಂಗ್ಲೆಂಡಿನಲ್ಲಿ ಮಾಮೂಲಿ ದರದ ಶೇ 150 ಹಾಕುತ್ತಾರೆ. 500 ಪೌಂಡ್ ಅಥವಾ ಹೆಚ್ಚಿನ ಬಾಕಿ ಎರಡು ತಿಂಗಳು ಕಟ್ಟದೆ ಉಳಿದರೆ ಮುಂದಿನ ವೀಸಾ ತಿರಸ್ಕಾರವಾಗಬಹುದು. ಅಂದರೆ ಖಾಸಗಿ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಬಾಡಿಗೆ ಮನೆಗೆ ಬಂದವರಿಗೆ ರಾತ್ರಿ ತೊಡಕಾದರೆ ಎಲ್ಲಿಗೆ ಹೋಗಬೇಕು, ಅದೇ ಖಾಸಗಿ ತಂಡ ಮತ್ತೆ ನೋಡುತ್ತದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ಅಲ್ಲಿನ ಎಷ್ಟೋ ಖಾಸಗಿ ಆಸ್ಪತ್ರೆಗಳಲ್ಲಿ ಎಮರ್ಜೆನ್ಸಿ ವಿಭಾಗವೇ ಇರುವುದಿಲ್ಲ.

ಜರ್ಮನಿ

ಕಾರ್ಬನ್ ಅಯಾನಿಗೆ ಹೈಡೆಲ್‌ಬರ್ಗ್ ಸರಿಯಾದ ಆಯ್ಕೆ. ಆ ಚಿಕಿತ್ಸೆ ಸಾಮಾನ್ಯವಾಗಿ ಮೂರು–ನಾಲ್ಕು ವಾರದಲ್ಲಿ ಮುಗಿಯುವುದರಿಂದ 180 ದಿನಗಳಲ್ಲಿ 90 ದಿನ ಕೊಡುವ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ಅಲ್ಪಾವಧಿ ವೀಸಾ) ಸಾಕು. 100 ದಿನದ ಬೋನ್ ಮ್ಯಾರೋ ಕಸಿಗೆ ಅದೇ ವೀಸಾದಲ್ಲಿ ಹೋದರೆ ಹತ್ತು ದಿನ ಕಡಿಮೆ ಬೀಳುತ್ತದೆ. ಷೆಂಗೆನ್ ವಿಸ್ತರಣೆ ಬಲು ಅಪರೂಪ. ಹಾಗಿದ್ದಲ್ಲಿ ಶುರುವಿನಲ್ಲೇ ದೀರ್ಘಾವಧಿಯ ಡಿ ವೀಸಾ ಕೇಳಿ. ಖರ್ಚಿನ ಅಂದಾಜುಪಟ್ಟಿ ಕಳಿಸಿ ಪೂರ್ತಿ ಮುಂಗಡ ಕೇಳುತ್ತಾರೆ. ವೈದ್ಯರು ಇಂಗ್ಲಿಷ್ ಆಡುತ್ತಾರೆ, ರಾತ್ರಿಪಾಳಿಯ ನರ್ಸ್ ಆಡದಿರಬಹುದು, ಡಿಸ್ಚಾರ್ಜ್ ಪತ್ರವಂತೂ ಜರ್ಮನ್ನಿನಲ್ಲೇ. ಇಂಗ್ಲಿಷ್ ಪ್ರತಿಗೆ ಮೊದಲೇ ಹೇಳಿಡಿ.

ಹಣ ಕಳಿಸುವುದು

ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ (ಹೊರದೇಶಕ್ಕೆ ಹಣ ಕಳಿಸುವ ಯೋಜನೆ) ಪ್ರಕಾರ ಒಬ್ಬರಿಗೆ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್ ಮಿತಿ. ಚಿಕಿತ್ಸೆಗೆ ಮಾತ್ರ ಆಸ್ಪತ್ರೆಯ ಎಸ್ಟಿಮೇಟ್ ತೋರಿಸಿದರೆ ಅದಕ್ಕಿಂತ ಹೆಚ್ಚನ್ನೂ ಬ್ಯಾಂಕ್ ಕಳಿಸಬಹುದು. ಬ್ಯಾಂಕಿಗೆ ಕೊಡುವ ಎ–2 ಅರ್ಜಿಯಲ್ಲಿ ಉದ್ದೇಶದ ಸಂಕೇತ ಎಸ್0304 ಎಂದಿರಬೇಕು, ಅದು ಚಿಕಿತ್ಸೆಯ ಪ್ರಯಾಣದ್ದು. ಬ್ಯಾಂಕಿನವರು ಅಭ್ಯಾಸಬಲದಿಂದ ‘ಕುಟುಂಬ ನಿರ್ವಹಣೆ’ ಅಥವಾ ‘ಪ್ರವಾಸ’ ಎಂದು ಹಾಕಿದರೆ ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕ್ ಹಿಡಿಯುವ ತೆರಿಗೆ) ಹೆಚ್ಚು ಕಡಿತವಾಗುತ್ತದೆ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷದವರೆಗೆ ಟಿಸಿಎಸ್ ಇಲ್ಲ. ಅದಕ್ಕೆ ಮೇಲ್ಪಟ್ಟದ್ದಕ್ಕೆ 2025–26ರಲ್ಲಿ ಚಿಕಿತ್ಸೆಗೆ ಶೇ 5, ಬೇರೆ ಹಲವು ಉದ್ದೇಶಗಳಿಗೆ ಶೇ 20 ಇತ್ತು. ಬಜೆಟ್‌ನಲ್ಲಿ ಬದಲಾಗುವ ದರವಿದು, ಕಳಿಸುವ ದಿನದ್ದನ್ನು ಕೇಳಿಕೊಳ್ಳಿ. ಆ ಲೆಕ್ಕದಲ್ಲಿ ಒಬ್ಬರೇ 60 ಲಕ್ಷ ಕಳಿಸಿದರೆ 50 ಲಕ್ಷಕ್ಕೆ ಶೇ 5, ಅಂದರೆ 2.5 ಲಕ್ಷ ತತ್ಕಾಲಕ್ಕೆ ಕೈಯಿಂದ ಹೋಗುತ್ತದೆ. ಮೂವರು ಮಕ್ಕಳು ತಮ್ಮ ತಮ್ಮ ಪ್ಯಾನ್‌ನಲ್ಲಿ, ತಮ್ಮದೇ ಹಣದಿಂದ 20 ಲಕ್ಷದಂತೆ ಕಳಿಸಿದರೆ ಅದು 1.5 ಲಕ್ಷ. ರಿಟರ್ನ್ಸ್ ಸಲ್ಲಿಸಿದಾಗ ತೆರಿಗೆಗೆ ಹೊಂದಿಕೆಯಾಗುತ್ತದೆ, ನಿಜ. ಆದರೆ ಚಿಕಿತ್ಸೆಯ ನಡುವೆ ಆ ಒಂದು ಲಕ್ಷಕ್ಕೆ ಬೆಲೆಯಿದೆ. ಎಸ್ಟಿಮೇಟ್‌ಗಿಂತ ಶೇ 30ರಷ್ಟಾದರೂ ಹೆಚ್ಚು ಹಣ ಕೈಗೆಟಕುವಂತೆ ಇರಲಿ. ಅಷ್ಟು ಇಲ್ಲದಿದ್ದರೆ ಒಂದು ಮೆಟ್ಟಿಲು ಕಡಿಮೆ ಖರ್ಚಿನ ದೇಶವನ್ನೇ ಆರಿಸುವುದು ಒಳ್ಳೆಯದು. ಅಪ್ಪನ ಖಾತೆ ಜಂಟಿಯಾಗಿದೆಯೇ, ಪವರ್ ಆಫ್ ಅಟಾರ್ನಿ ಆಗಿದೆಯೇ ಎಂಬುದನ್ನು ಅವರ ಕೈ ನಡುಗದಿರುವಾಗಲೇ ನೋಡಿಕೊಳ್ಳಿ.

ವಿಮಾನ

ಹಾರಾಟದಲ್ಲಿ ಒಳಗಿನ ಗಾಳಿಯ ಒತ್ತಡ 6,000–8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಂತೆ. ಎದೆಯ ಕಾಯಿಲೆಯವರಿಗೆ, ರಕ್ತಹೀನತೆಯಿರುವವರಿಗೆ ಉಸಿರು ಸಾಲದಾಗುವುದು ಇದರಿಂದ. ಆಕ್ಸಿಜನ್ ಬೇಕಿದ್ದರೆ ಮನೆಯ ಸಿಲಿಂಡರ್ ಒಯ್ಯುವಂತಿಲ್ಲ. ವಿಮಾನಯಾನ ಸಂಸ್ಥೆ ಒಪ್ಪಿದ ಬ್ಯಾಟರಿ ಕಾನ್ಸೆಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ಯಂತ್ರ) ಬೇಕು, ಪ್ರಯಾಣದ ಅವಧಿಯ ಒಂದೂವರೆ ಪಟ್ಟು ಬ್ಯಾಟರಿ ಬೇಕು. ರೋಗಿಯ ಸ್ಥಿತಿ ತಿಳಿಸುವ, ವೈದ್ಯರು ತುಂಬಿದ ಮೆಡಿಫ್ ನಮೂನೆಯನ್ನು ಆ ಸಂಸ್ಥೆಗೆ ಹೊರಡುವ 48–72 ಗಂಟೆ ಮೊದಲು ಕೊಡಿ. ವೀಲ್‌ಚೇರ್ ಕೇಳುವಾಗ ಸಂಕೇತ ನೋಡಿ: ಕೊನೆಯ ಅಕ್ಷರ ‘ಆರ್’ ಎಂದರೆ ದೂರ ನಡೆಯಲಾರರು, ಆದರೆ ಮೆಟ್ಟಿಲು ಹತ್ತುತ್ತಾರೆ, ‘ಎಸ್’ ಎಂದರೆ ಮೆಟ್ಟಿಲೂ ಆಗದು, ‘ಸಿ’ ಎಂದರೆ ಸೀಟಿನವರೆಗೂ ಒಯ್ಯಬೇಕು. ಏಜೆಂಟರು ಎಲ್ಲರಿಗೂ ‘ಆರ್’ ಹಾಕಿಬಿಡುತ್ತಾರೆ, ವಿಮಾನ ದೂರ ನಿಂತು ಏಣಿ ಹತ್ತಬೇಕಾದಾಗ ಗೊತ್ತಾಗುತ್ತದೆ. ಇನ್ಸುಲಿನ್ ಕೈಚೀಲದಲ್ಲಿರಲಿ, ಕೆಳಗಿನ ಲಗೇಜಿನಲ್ಲಿ ಹೆಪ್ಪುಗಟ್ಟಿ ಕೆಡಬಹುದು. ಅಮೆರಿಕಕ್ಕೆ ಹಸಿ ಕರಿಬೇವು ಒಯ್ಯಬೇಡಿ, ನಿಂಬೆ ಜಾತಿಯ ಗಿಡಗಳ ರೋಗದ ಭಯಕ್ಕೆ ತಡೆಯುತ್ತಾರೆ.

ಜೊತೆಗೆ ಯಾರು, ಹಿಂತಿರುಗುವುದು ಹೇಗೆ

ಒಬ್ಬರು ಸಾಲದು, ನಾಲ್ವರು ಹೆಚ್ಚು. ಇಬ್ಬರು ಬೇಕು: ಒಬ್ಬರು ಆಸ್ಪತ್ರೆಗೆ, ಒಬ್ಬರು ಅಡುಗೆ–ಔಷಧ–ಕಾಗದಕ್ಕೆ. ಅಡುಗೆಮನೆಯಿರುವ ಸರ್ವಿಸ್ ಅಪಾರ್ಟ್‌ಮೆಂಟ್, ಆಸ್ಪತ್ರೆಗೆ ಅರ್ಧ ಗಂಟೆಯೊಳಗೆ. ಕಸಿಯಾದವರಿಗೆ ಮೊದಲ ತಿಂಗಳುಗಳಲ್ಲಿ ಹಸಿ ಕೋಸಂಬರಿ, ಮನೆಯಲ್ಲಿ ಹೆಪ್ಪು ಹಾಕಿದ ಮೊಸರು, ಹಳೆಯ ಉಪ್ಪಿನಕಾಯಿ ಕೊಡಬಾರದೆನ್ನುತ್ತಾರೆ. ಅದನ್ನು ಮೀರುವುದು ಸಾಮಾನ್ಯವಾಗಿ ರೋಗಿಯಲ್ಲ, ಕರುಣೆ ಬಂದ ಮನೆಯವರು. ಕಸಿಯನ್ನು ದೇಹ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೋಲಿಮಸ್ ತೆಗೆದುಕೊಳ್ಳುವವರಿಗೆ ಚಕ್ಕೋತವೂ ಬೇಡ, ರಕ್ತದಲ್ಲಿ ಔಷಧದ ಮಟ್ಟ ಏರುತ್ತದೆ. ಕಷಾಯ, ನಾಟಿಮದ್ದುಗಳನ್ನು ವೈದ್ಯರಿಗೆ ಹೇಳದೆ ಕೊಡಬೇಡಿ.

ಸಾವು ಸಂಭವಿಸಿದರೆ ಏನೆಂಬುದನ್ನು ಮನೆಯಲ್ಲೊಬ್ಬರಾದರೂ ತಿಳಿದಿರಬೇಕು. ಸ್ಥಳೀಯ ಮರಣ ಪತ್ರ, ಭಾರತೀಯ ದೂತಾವಾಸದಲ್ಲಿ ನೋಂದಣಿ ಮತ್ತು ನಿರಾಕ್ಷೇಪಣೆ ಪತ್ರ, ಪಾಸ್‌ಪೋರ್ಟ್ ರದ್ದತಿ, ದೇಹ ಕೆಡದಂತೆ ಮಾಡಿದ ಪ್ರಮಾಣಪತ್ರ ಇಷ್ಟಾಗದೆ ದೇಹ ವಿಮಾನ ಏರುವುದಿಲ್ಲ. ಅಲ್ಲೇ ದಹನ ಮಾಡಿ ಅಸ್ಥಿ ತರುವುದು ಬೇಗ ಆಗುತ್ತದೆ. ದೇಹವೇ ಊರಿಗೆ ಬರಬೇಕೆಂಬ ಆಸೆ ಹಿರಿಯರಿಗಿದ್ದರೆ ಆ ಖರ್ಚೂ ಲೆಕ್ಕದಲ್ಲಿರಲಿ.

ವಾಪಸ್ ಟಿಕೆಟ್ ತೆಗೆಯುವ ಮೊದಲು ಬೆಂಗಳೂರಿನ ವೈದ್ಯರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ, ಇಳಿದ ಮೂರು ದಿನದೊಳಗೆ. ಡಿಸ್ಚಾರ್ಜ್ ಪತ್ರದಲ್ಲಿ ಔಷಧಗಳನ್ನು ಬ್ರ್ಯಾಂಡ್ ಹೆಸರಿನಲ್ಲಲ್ಲ, ಔಷಧದ ಮೂಲ ಹೆಸರಿನಲ್ಲಿ ಬರೆಸಿ. ಅಲ್ಲಿನ ಬ್ರ್ಯಾಂಡ್ ಇಲ್ಲಿ ಸಿಗದಿರಬಹುದು. ಒಂದು ತಿಂಗಳ ಔಷಧ ಅಲ್ಲಿಂದಲೇ ತನ್ನಿ. ಟ್ಯಾಕ್ರೋಲಿಮಸ್‌ನಂಥದ್ದರಲ್ಲಿ ಬ್ರ್ಯಾಂಡ್ ಬದಲಾದರೆ ರಕ್ತದ ಮಟ್ಟ ಮತ್ತೆ ಪರೀಕ್ಷಿಸಬೇಕು. ಆ ಪರೀಕ್ಷೆ ನಿಮ್ಮ ಊರಲ್ಲಿ ಎಲ್ಲಿ ಆಗುತ್ತದೆ, ರಿಪೋರ್ಟ್ ಎಷ್ಟು ಗಂಟೆಗೆ ಬರುತ್ತದೆ ಎಂದು ಮೊದಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.